ಇನ್ನೂ ಒಪ್ಪದ ಓದುಗರಿಗೆ ಬರೆಯುವುದು: ಶಾಲೆಯ ಪ್ರಬಂಧದ ಬಗ್ಗೆ ಒಂದು ಮಾತು

ಎಲ್ಲರಿಗೂ ನಮಸ್ಕಾರ. ಶಾಲೆ ಕಾಲೇಜಿನಲ್ಲಿ ಬರೆಯುವ ಔಪಚಾರಿಕ ಪ್ರಬಂಧದ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ವಿದ್ಯಾರ್ಥಿಗಳು ಜಾಸ್ತಿ ಇದ್ದೀರಿ, ಶಿಕ್ಷಕರು, ಪಾಲಕರೂ ಇದ್ದೀರಿ. ನೇರವಾಗಿ ವಿಷಯಕ್ಕೇ ಬರುತ್ತೇನೆ.

ಪ್ರಬಂಧ ಅಂದ ತಕ್ಷಣ ನಮಗೆ ನೆನಪಾಗುವುದು ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಅದರ ಹಿಂದೆಯೇ ನಿಯಮಗಳ ಸಾಲು ಬರುತ್ತದೆ. ‘ನಾನು’ ಅನ್ನಬೇಡಿ, ಆಡುಮಾತು ಬೇಡ, ಆಧಾರ ಕೊಡಿ, ಇಷ್ಟು ಪದ ದಾಟಬೇಡಿ. ಯಾಕೆ ಅಂತ ಯಾರೂ ಹೇಳುವುದಿಲ್ಲ. ಕಾರಣ ಗೊತ್ತಿಲ್ಲದ ನಿಯಮ ಯಾರಿಗಾದರೂ ಹೊರೆಯೇ ಅಲ್ವಾ? ನಾನು ಇವತ್ತು ಹೇಳಬೇಕು ಅಂದುಕೊಂಡಿರುವುದು ಒಂದೇ ಮಾತು. ನಿಮ್ಮ ವಾದವನ್ನು ಇನ್ನೂ ಒಪ್ಪದ, ಆದರೆ ಸರಿಯಾದ ಕಾರಣ ಕೊಟ್ಟರೆ ಒಪ್ಪಲು ತಯಾರಿರುವ ಒಬ್ಬ ಓದುಗರಿಗಾಗಿ ಈ ಪ್ರಬಂಧವನ್ನು ಬರೆಯಬೇಕು. ಅವರು ನೀವು ಹೇಳಿದ್ದನ್ನೆಲ್ಲ ತಾವೇ ಪರೀಕ್ಷೆ ಮಾಡಿ ನೋಡುವಂತಿರಬೇಕು. ಈ ಓದುಗರು ಮನಸ್ಸಿನಲ್ಲಿ ಕೂತರೆ ನಿಯಮಗಳಲ್ಲಿ ಮುಕ್ಕಾಲು ಪಾಲು ತಾವಾಗಿಯೇ ಅರ್ಥವಾಗುತ್ತವೆ.

ಬಹಳಷ್ಟು ಮಕ್ಕಳು ಬರೆಯುವುದು ಮೇಷ್ಟ್ರಿಗೆ ಅಥವಾ ಮೇಡಂಗೆ. ಅವರಿಗೆ ವಿಷಯ ಮೊದಲೇ ಗೊತ್ತಿರುತ್ತದೆ. ಹಾಗಾಗಿ ಅರ್ಧ ಹೇಳಿ ಬಿಟ್ಟರೂ ನಡೆಯುತ್ತದೆ, ಉಳಿದದ್ದನ್ನು ಅವರೇ ತುಂಬಿಕೊಳ್ಳುತ್ತಾರೆ ಅನ್ನುವ ಭರವಸೆ ಒಳಗೊಳಗೇ ಇರುತ್ತದೆ. ಪ್ರಬಂಧ ಅಲ್ಲೇ ಸೊರಗುತ್ತದೆ. ‘ಈ ಘಟನೆ ತುಂಬಾ ಮಹತ್ವದ್ದು’ ಅಂತ ಬರೆದು ಮುಂದೆ ಹೋಗಿಬಿಡುತ್ತಾರೆ. ಯಾರಿಗೆ ಮಹತ್ವದ್ದು, ಯಾಕೆ, ಅದರಿಂದ ಏನು ಬದಲಾಯಿತು? ಒಪ್ಪದ ಓದುಗರು ಇದನ್ನೆಲ್ಲ ಕೇಳುತ್ತಾರೆ. ಗೊತ್ತಿರುವವರು ಕೇಳುವುದಿಲ್ಲ.

ಇಷ್ಟನ್ನೇ ಮೇಲಿಂದ ಮೇಲೆ ಹೇಳಿದರೆ ಉಪಯೋಗವಿಲ್ಲ, ಒಂದು ಉದಾಹರಣೆ ಹಿಡಿದುಕೊಂಡು ಹೋಗೋಣ. ಇತಿಹಾಸದ ಪ್ರಬಂಧಕ್ಕೆ ‘ಕಾಲರಾ’ ಅಂತ ವಿಷಯ ಕೊಟ್ಟಿದ್ದಾರೆ ಅಂದುಕೊಳ್ಳಿ. ಹೆಚ್ಚಿನವರು ಏನು ಮಾಡುತ್ತಾರೆ? ಕಾಲರಾ ಅಂದರೇನು, ಲಕ್ಷಣಗಳೇನು, ಎಲ್ಲೆಲ್ಲಿ ಬಂತು, ತಡೆಯುವುದು ಹೇಗೆ, ಹೀಗೆ ಸಾಲಾಗಿ ಬರೆಯುತ್ತಾರೆ. ಅದರಲ್ಲಿ ಸುಳ್ಳೇನೂ ಇರುವುದಿಲ್ಲ, ವಾದವೂ ಇರುವುದಿಲ್ಲ. ವಿಷಯ ಕೊಟ್ಟ ಮಾತ್ರಕ್ಕೆ ಪ್ರಬಂಧ ಶುರುವಾಗುವುದಿಲ್ಲ. ಅದು ಶುರುವಾಗುವುದು ಪ್ರಶ್ನೆಯಿಂದ. ಆ ಪ್ರಶ್ನೆ ಹುಟ್ಟಬೇಕಾದರೆ ಮೊದಲು ಸ್ವಲ್ಪ ಓದಬೇಕು, ಏನೂ ಓದದೆ ಕೂತು ಯೋಚಿಸಿದರೆ ಎಲ್ಲರಿಗೂ ಹೊಳೆಯುವುದೇ ನಿಮಗೂ ಹೊಳೆಯುತ್ತದೆ.

ಓದುತ್ತಾ ಹೋದರೆ 1854ರ ಲಂಡನ್ ಸಿಗುತ್ತದೆ. ಆಗಸ್ಟ್ 31ರ ರಾತ್ರಿ ಸೋಹೋ ಅನ್ನುವ ಪ್ರದೇಶದಲ್ಲಿ ಕಾಲರಾ ಸ್ಫೋಟಿಸಿತು. ಕೆಲವೇ ದಿನಗಳಲ್ಲಿ ನೂರಾರು ಜನ ಸತ್ತರು, ಕೊನೆಗೆ ಲೆಕ್ಕ ಸಿಕ್ಕಿದ್ದು 616 ಸಾವು. ಆಗಿನ ಹೆಚ್ಚಿನ ವೈದ್ಯರು, ಅಧಿಕಾರಿಗಳು ನಂಬಿದ್ದದ್ದು ಕೊಳಕಿನಿಂದ ಏಳುವ ಕೆಟ್ಟ ಗಾಳಿಯೇ ರೋಗಕ್ಕೆ ಮೂಲ ಅಂತ. ಜಾನ್ ಸ್ನೋ ಅನ್ನುವ ವೈದ್ಯರು ಮಾತ್ರ, ನೀರಿನಿಂದ ಹರಡುತ್ತದೆ ಅಂತ 1849ರಲ್ಲೇ ಬರೆದಿದ್ದರು. ಅವರು ಸತ್ತವರ ಮನೆಗಳನ್ನು ಹುಡುಕಿಕೊಂಡು ಹೋದರು. ಹೆಚ್ಚಿನವು ಬ್ರಾಡ್ ಸ್ಟ್ರೀಟಿನ ಒಂದು ಕೈಪಂಪಿನ ಸುತ್ತ ಇದ್ದವು. ಸೆಪ್ಟೆಂಬರ್ 7ರಂದು ಸ್ಥಳೀಯ ಮಂಡಳಿಯ ಮುಂದೆ ತಮ್ಮ ಮಾತನ್ನು ಇಟ್ಟರು, ಮರುದಿನ ಪಂಪಿನ ಹಿಡಿಯನ್ನು ತೆಗೆಸಲಾಯಿತು. ರೋಗ ನಿಂತಿತು. ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೆ ಮುಗಿಸುತ್ತಾರೆ.

ನಿಮ್ಮಲ್ಲಿ ಯಾರಾದರೂ ಕೈ ಎತ್ತಿ, ‘ಹಿಡಿ ತೆಗೆದಿದ್ದರಿಂದಲೇ ನಿಂತಿತು ಅಂತ ಹೇಗೆ ಗೊತ್ತು?’ ಅಂತ ಕೇಳಿದರೆ ಪ್ರಬಂಧ ಶುರುವಾಯಿತು ಅಂತ ಅರ್ಥ. ಇದು ಬರೀ ‘ಕಾಲರಾ’ಕ್ಕಿಂತ ಎಷ್ಟೋ ಚಿಕ್ಕದು. ಚಿಕ್ಕದಾದ್ದರಿಂದಲೇ ನಾಲ್ಕು ಪುಟದಲ್ಲಿ ಇದಕ್ಕೆ ನ್ಯಾಯ ಒದಗಿಸಬಹುದು. ದೊಡ್ಡ ವಿಷಯ ತೆಗೆದುಕೊಂಡರೆ ದೊಡ್ಡ ಪ್ರಬಂಧ ಆಗುತ್ತದೆ ಅಂತ ಮಕ್ಕಳು ಅಂದುಕೊಳ್ಳುತ್ತಾರೆ. ಆಗುವುದು ತೆಳ್ಳಗಿನ ಪ್ರಬಂಧ.

ಪ್ರಶ್ನೆಪತ್ರಿಕೆಯೇ ಪ್ರಶ್ನೆ ಕೊಟ್ಟಿದ್ದರೆ ಅದರ ಕ್ರಿಯಾಪದ ನೋಡಿ. ‘ವಿವರಿಸಿ’ ಅಂದರೆ ಏನು, ಹೇಗೆ ಅಂತ ಹೇಳಿದರೆ ಸಾಕು. ‘ಹೋಲಿಸಿ’ ಅಂದರೆ ಎರಡನ್ನೂ ಒಂದೇ ಅಳತೆಯಿಂದ ನೋಡಬೇಕು, ಮೊದಲರ್ಧ ಒಂದು, ಉಳಿದರ್ಧ ಇನ್ನೊಂದು ಅಂತ ಬರೆದರೆ ಹೋಲಿಕೆ ಆಗಲ್ಲ. ‘ವಿಶ್ಲೇಷಿಸಿ’ ಅಂದರೆ ಬಿಡಿಸಿ, ಭಾಗ ಭಾಗಕ್ಕೂ ಏನು ಸಂಬಂಧ ಅಂತ ತೋರಿಸಬೇಕು. ‘ವಿಮರ್ಶಿಸಿ’ ಅಂದಾಗ ನಿಮ್ಮ ತೀರ್ಪು ಬೇಕು. ಮಾರ್ಕ್ಸ್ ಕಡಿಮೆ ಬಂದಾಗ ‘ನಾನು ಎಲ್ಲಾ ಬರೆದಿದ್ದೆ’ ಅನ್ನುವವರು ಈ ಪದವನ್ನೊಮ್ಮೆ ತಿರುಗಿ ನೋಡಲಿ, ಬಹಳ ಸಲ ಉತ್ತರ ಅಲ್ಲೇ ಇರುತ್ತದೆ.

ಈಗ ಮುಖ್ಯ ವಾದ. ಇಡೀ ಪ್ರಬಂಧವನ್ನು ಒಂದು ವಾಕ್ಯದಲ್ಲಿ, ಜಾಸ್ತಿ ಅಂದರೆ ಎರಡು ವಾಕ್ಯದಲ್ಲಿ ಹೇಳಲು ಬರಬೇಕು. ಮೊದಲ ಪ್ರಯತ್ನ ಹೀಗಿರಬಹುದು: ‘1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಬಂತು, ಜಾನ್ ಸ್ನೋ ಅದರ ಕಾರಣ ಹುಡುಕಿದರು.’ ಇದು ಮಾಹಿತಿ. ಇದನ್ನು ಓದಿ ಯಾರೂ ಜಗಳಕ್ಕೆ ಬರಲ್ಲ, ಹಾಗಾಗಿ ಇದಕ್ಕೆ ಪ್ರಬಂಧದ ಅಗತ್ಯವೂ ಇಲ್ಲ. ಎರಡನೆಯದು: ‘ಜಾನ್ ಸ್ನೋ ಮಾನವ ಇತಿಹಾಸವನ್ನೇ ಬದಲಿಸಿದರು.’ ಕೇಳಲು ಚೆನ್ನಾಗಿದೆ, ಆದರೆ ನಾಲ್ಕು ಪುಟದಲ್ಲಿ ಇದನ್ನು ತೋರಿಸಲು ಯಾರಿಂದಲೂ ಆಗಲ್ಲ. ಮೂರನೆಯದನ್ನು ನೋಡಿ: ‘ಪಂಪಿನ ಹಿಡಿ ತೆಗೆದದ್ದರಿಂದ ಕಾಲರಾ ನಿಂತಿತು ಎನ್ನುವುದಕ್ಕೆ ಆಧಾರ ದುರ್ಬಲವಾಗಿದೆ. ಸ್ನೋ ಅವರ ವಾದಕ್ಕೆ ನಿಜವಾದ ಬಲ ಸಿಗುವುದು, ಪಂಪಿನ ಹತ್ತಿರವಿದ್ದೂ ರೋಗ ಬಾರದೆ ಉಳಿದವರಿಂದ ಮತ್ತು ಎರಡು ನೀರಿನ ಕಂಪನಿಗಳ ಅಂಕಿಗಳಿಂದ.’ ಇದನ್ನು ಒಬ್ಬ ತಿಳಿದವರು ‘ನಾನು ಒಪ್ಪಲ್ಲ’ ಅನ್ನಬಹುದು. ಅದೇ ಇದರ ಯೋಗ್ಯತೆ. ಇನ್ನೊಂದು ಗುಣವೂ ಇದರಲ್ಲಿದೆ, ಮುಂದೆ ಏನೇನು ಬರಬೇಕು, ಯಾವ ಕ್ರಮದಲ್ಲಿ ಬರಬೇಕು ಅನ್ನುವುದನ್ನು ಈ ವಾಕ್ಯವೇ ಹೇಳುತ್ತದೆ.

ಈ ವಾಕ್ಯ ಮೊದಲ ದಿನವೇ ಸಿಗಬೇಕಾಗಿಲ್ಲ. ಬರೆಯುತ್ತಾ ಬರೆಯುತ್ತಾ ಬದಲಾದರೆ ಗಾಬರಿ ಬೀಳಬೇಡಿ. ಓದಿದ್ದು ನಿಮ್ಮ ಅಭಿಪ್ರಾಯವನ್ನು ತಿದ್ದುತ್ತಿದೆ ಅಂತ ಅರ್ಥ, ಅದು ಒಳ್ಳೆಯದೇ. ಬದಲಾದ ಮೇಲೆ ಹಳೆಯ ಪ್ಯಾರಾಗಳನ್ನೂ ಅದಕ್ಕೆ ತಕ್ಕಂತೆ ತಿದ್ದಬೇಕು, ಅಷ್ಟೆ. ಮೊದಲ ಪುಟದಲ್ಲಿ ಒಂದು ವಾದ, ಕೊನೆಯ ಪುಟದಲ್ಲಿ ಇನ್ನೊಂದು ವಾದ ಇರುವ ಪ್ರಬಂಧಗಳು ಹುಟ್ಟುವುದೇ ಈ ತಿದ್ದುವ ಕೆಲಸವನ್ನು ಬಿಟ್ಟಾಗ.

ಈಗ ನನಗೆ ತುಂಬಾ ಇಷ್ಟದ ಭಾಗಕ್ಕೆ ಬರುತ್ತೇನೆ, ಆಧಾರ. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಯಾಕೆಂದರೆ ಹೆಚ್ಚಿನ ಪ್ರಬಂಧಗಳು ಸೋಲುವುದು ಇಲ್ಲೇ. ಆಧಾರ ಇಲ್ಲದೆ ಸೋಲುವುದು ಕಡಿಮೆ. ಆಧಾರ ಕೊಟ್ಟು, ಅದು ಏನನ್ನು ತೋರಿಸುತ್ತದೆ ಅಂತ ಹೇಳದೆ ಸೋಲುವುದೇ ಜಾಸ್ತಿ.

ಸ್ನೋ ಕೊಟ್ಟ ಅಂಕಿಗಳನ್ನು ನೋಡಿ. ದಕ್ಷಿಣ ಲಂಡನ್ನಿಗೆ ಎರಡು ಕಂಪನಿಗಳು ನೀರು ಕೊಡುತ್ತಿದ್ದವು. ಸದರ್ಕ್ ಅಂಡ್ ವಾಕ್ಸ್‌ಹಾಲ್ ಕಂಪನಿ ಥೇಮ್ಸ್ ನದಿಯಿಂದ, ಊರಿನ ಚರಂಡಿ ಸೇರುವ ಭಾಗದಲ್ಲೇ ನೀರೆತ್ತುತ್ತಿತ್ತು. ಲ್ಯಾಂಬೆತ್ ಕಂಪನಿ 1852ರಲ್ಲಿ ತನ್ನ ಜಾಗವನ್ನು ನದಿಯ ಮೇಲ್ಭಾಗಕ್ಕೆ, ಚರಂಡಿ ಸೇರದ ಕಡೆಗೆ ಬದಲಾಯಿಸಿಕೊಂಡಿತ್ತು. 1854ರ ಕಾಲರಾದ ಮೊದಲ ಏಳು ವಾರಗಳಲ್ಲಿ, ಮೊದಲ ಕಂಪನಿಯ ಪ್ರತಿ 10,000 ಮನೆಗಳಿಗೆ 315 ಸಾವು, ಎರಡನೆಯದರಲ್ಲಿ 37. ಎಂಟು ಪಟ್ಟಿಗೂ ಜಾಸ್ತಿ.

ಒಬ್ಬ ವಿದ್ಯಾರ್ಥಿ ಈ ಎರಡು ಸಂಖ್ಯೆ ಬರೆದು, ‘ಇದರಿಂದ ಕಾಲರಾ ನೀರಿನಿಂದ ಬರುತ್ತದೆ ಎಂದು ತಿಳಿಯುತ್ತದೆ’ ಅಂತ ಮುಗಿಸುತ್ತಾನೆ ಅಂದುಕೊಳ್ಳಿ. ಒಪ್ಪದ ಓದುಗರು ಏನು ಕೇಳುತ್ತಾರೆ? ‘ಮೊದಲ ಕಂಪನಿಯ ನೀರು ಹೋಗುತ್ತಿದ್ದದ್ದು ಬಡವರ ಕೇರಿಗಳಿಗೆ ಇರಬಹುದಲ್ಲ? ಅಲ್ಲಿ ಗಾಳಿಯೂ ಕೆಟ್ಟಿರಬಹುದಲ್ಲ?’ ನ್ಯಾಯವಾದ ಪ್ರಶ್ನೆ. ಉತ್ತರ ಸ್ನೋ ಹತ್ತಿರ ಇತ್ತು. ದಕ್ಷಿಣ ಲಂಡನ್ನಿನ ಹಲವು ಭಾಗಗಳಲ್ಲಿ ಎರಡೂ ಕಂಪನಿಗಳ ಪೈಪುಗಳು ಒಂದೇ ಬೀದಿಯಲ್ಲಿ ಹೋಗುತ್ತಿದ್ದವು. ಅಕ್ಕಪಕ್ಕದ ಮನೆಗಳಲ್ಲಿ ಒಂದಕ್ಕೆ ಈ ನೀರು, ಇನ್ನೊಂದಕ್ಕೆ ಆ ನೀರು. ಬಡವರು, ಶ್ರೀಮಂತರು, ದೊಡ್ಡ ಮನೆ, ಚಿಕ್ಕ ಮನೆ ಎರಡು ಕಡೆಯೂ ಇದ್ದರು. ಗಾಳಿ ಒಂದೇ, ಬೀದಿ ಒಂದೇ, ಬೇರೆಯಾಗಿದ್ದದ್ದು ನೀರು ಮಾತ್ರ. ಈ ಒಂದು ವಿವರ ಸೇರಿದ ಮೇಲೆ 315 ಮತ್ತು 37ಕ್ಕೆ ಮಾತು ಬರುತ್ತದೆ. ಸಂಖ್ಯೆಗೂ ತೀರ್ಮಾನಕ್ಕೂ ನಡುವೆ ಇರುವ ಈ ಕಾರಣವನ್ನು ನೀವು ಬಾಯಿಬಿಟ್ಟು ಹೇಳಬೇಕು. ನಿಮಗೆ ಅದು ಸ್ಪಷ್ಟ ಅನ್ನಿಸಿದಷ್ಟೂ ಅದನ್ನು ಬಿಟ್ಟುಬಿಡುವ ಸಾಧ್ಯತೆ ಜಾಸ್ತಿ, ಹಾಗಾಗಿ ಪ್ರತಿ ಆಧಾರದ ಮುಂದೆಯೂ ನಿಂತು ‘ಅದಕ್ಕೆ?’ ಅಂತ ಕೇಳಿಕೊಳ್ಳಿ, ಉತ್ತರ ಬಂದರೆ ಅದನ್ನೇ ಬರೆಯಿರಿ.

ಒಂದು ಪ್ಯಾರಾ ಪೂರ್ತಿ ಹೇಗೆ ಕಾಣುತ್ತದೆ ಅಂತ ತೋರಿಸುತ್ತೇನೆ. ಇದನ್ನು ಪ್ರಬಂಧದ ಭಾಷೆಯಲ್ಲೇ ಬರೆದುಕೊಂಡು ಬಂದಿದ್ದೇನೆ:

‘ಬ್ರಾಡ್ ಸ್ಟ್ರೀಟಿನ ಕಾಲರಾಕ್ಕೆ ಗಾಳಿಗಿಂತ ಪಂಪಿನ ನೀರೇ ಕಾರಣವಿರಬೇಕು ಎನ್ನಲು ಬಲವಾದ ಆಧಾರ ಸಿಗುವುದು ರೋಗ ಬಾರದೆ ಉಳಿದವರಿಂದ. ಪಂಪಿನ ಸಮೀಪದ ಬಿಯರ್ ಕಾರ್ಖಾನೆಯೊಂದರಲ್ಲಿ 70ಕ್ಕೂ ಹೆಚ್ಚು ಜನ ಕೆಲಸ ಮಾಡುತ್ತಿದ್ದರು. ಅವರಲ್ಲಿ ಯಾರೂ ಕಾಲರಾದಿಂದ ಸಾಯಲಿಲ್ಲ. ಅವರಿಗೆ ಕುಡಿಯಲು ಕಾರ್ಖಾನೆಯ ಬಿಯರ್ ಸಿಗುತ್ತಿತ್ತು, ಆವರಣದಲ್ಲೇ ಬೇರೆ ಬಾವಿಯೂ ಇತ್ತು. ರೋಗವು ಗಾಳಿಯಿಂದ ಹರಡುತ್ತಿದ್ದರೆ, ಅದೇ ಬೀದಿಯ ಗಾಳಿಯನ್ನು ಉಸಿರಾಡುತ್ತಿದ್ದ ಇವರಿಗೂ ಅದು ತಗುಲಬೇಕಿತ್ತು. ಈ ಒಂದು ಉದಾಹರಣೆಯಿಂದಲೇ ನೀರು ಕಾರಣ ಎಂದು ತೀರ್ಮಾನಿಸಲಾಗದು. ಆದರೆ ಗಾಳಿಯ ವಾದದಿಂದ ವಿವರಿಸಲಾಗದ ಒಂದು ಸಂಗತಿಯನ್ನು ಇದು ಮುಂದಿಡುತ್ತದೆ.’

ಇದರಲ್ಲಿ ದೊಡ್ಡ ಪದ ಒಂದೂ ಇಲ್ಲ. ಮೊದಲ ವಾಕ್ಯ ಪ್ಯಾರಾದ ವಾದ ಹೇಳಿತು. ಆಮೇಲೆ ಸಂಗತಿ ಬಂತು. ಆಮೇಲೆ ಆ ಸಂಗತಿ ವಾದಕ್ಕೆ ಹೇಗೆ ಸಹಾಯ ಮಾಡುತ್ತದೆ ಅನ್ನುವ ಕಾರಣ. ಕೊನೆಗೆ ಇದು ಎಷ್ಟನ್ನು ತೋರಿಸುತ್ತದೆ, ಎಷ್ಟನ್ನು ತೋರಿಸುವುದಿಲ್ಲ ಅನ್ನುವ ಮಿತಿ. ಎಲ್ಲ ಪ್ಯಾರಾಗಳೂ ಇದೇ ಅಚ್ಚಿನಲ್ಲಿ ಇರಬೇಕು ಅಂತ ನಾನು ಹೇಳುತ್ತಿಲ್ಲ, ಹಾಗೆ ಬರೆದರೆ ಓದುವವರಿಗೆ ಬೇಸರ ಬರುತ್ತದೆ. ಆದರೆ ಇವುಗಳಲ್ಲಿ ಒಂದು ಕಾಣೆಯಾಗಿದ್ದರೆ ಯಾಕೆ ಅಂತ ನಿಮಗೆ ಗೊತ್ತಿರಬೇಕು.

ಆ ಕೊನೆಯ ವಾಕ್ಯದ ಮಿತಿ ಬಗ್ಗೆ ಒಂದು ಮಾತು. ಮಕ್ಕಳಿಗೆ ‘ಇರಬಹುದು’, ‘ಸೂಚಿಸುತ್ತದೆ’ ಅಂತ ಬರೆದರೆ ದುರ್ಬಲವಾಗಿ ಕಾಣುತ್ತೇವೆ ಅನ್ನುವ ಹೆದರಿಕೆ. ಹಾಗಾಗಿ ಎಲ್ಲವೂ ‘ಸಾಬೀತಾಗಿದೆ’, ‘ನಿಸ್ಸಂದೇಹ’. ಒಪ್ಪದ ಓದುಗರ ಮುಂದೆ ಇದು ಉಲ್ಟಾ ಹೊಡೆಯುತ್ತದೆ. ಆಧಾರ ಹೊರಲಾರದಷ್ಟು ಭಾರ ಅದರ ಮೇಲೆ ಹಾಕಿದ್ದೀರಿ ಅಂತ ಅವರಿಗೆ ಒಂದು ಕಡೆ ಗೊತ್ತಾದರೆ ಸಾಕು, ಉಳಿದ ಕಡೆಯೂ ಅನುಮಾನ ಶುರುವಾಗುತ್ತದೆ. ಹಾಗಂತ ಪ್ರತಿ ವಾಕ್ಯಕ್ಕೂ ‘ಬಹುಶಃ’ ಅಂಟಿಸಬೇಡಿ. ಗೊತ್ತಿರುವುದನ್ನು ಗೊತ್ತಿರುವಷ್ಟೇ ಗಟ್ಟಿಯಾಗಿ ಹೇಳಿ.

ಇನ್ನು ಎದುರು ವಾದ. ‘ಕೆಲವರು ಹೀಗೂ ಹೇಳುತ್ತಾರೆ, ಆದರೆ ಅದು ತಪ್ಪು’ ಅನ್ನುವ ಒಂದು ವಾಕ್ಯ ಹಾಕಿ ಎದುರು ವಾದ ಮುಗಿಯಿತು ಅಂತ ಭಾವಿಸುವವರು ತುಂಬಾ ಜನ. ಬ್ರಾಡ್ ಸ್ಟ್ರೀಟಿನ ಕಥೆಯಲ್ಲಿ ನನಗೆ ತುಂಬಾ ಗೌರವ ಇರುವ ವ್ಯಕ್ತಿ ಒಬ್ಬರಿದ್ದಾರೆ, ಹೆನ್ರಿ ವೈಟ್‌ಹೆಡ್. ಅದೇ ಪ್ರದೇಶದ ಪಾದ್ರಿ. ಅಲ್ಲಿನ ಮನೆಮನೆಯ ಪರಿಚಯ ಅವರಿಗಿತ್ತು. ಸ್ನೋ ಹೇಳಿದ್ದನ್ನು ಅವರು ನಂಬಲಿಲ್ಲ, ತಾವೇ ವಿಚಾರಿಸಿ ಅದು ತಪ್ಪು ಅಂತ ತೋರಿಸಲು ಹೊರಟರು. ಸತ್ತವರ ಮನೆಗಳಿಗೆ ಅಷ್ಟೇ ಅಲ್ಲ, ಬದುಕಿ ಉಳಿದವರ ಹತ್ತಿರವೂ ಹೋಗಿ, ಯಾರು ಯಾವ ನೀರು ಕುಡಿದಿದ್ದರು ಅಂತ ಕೇಳಿದರು. ಮನೆ ಮನೆ ಅಲೆದಷ್ಟೂ ಸ್ನೋ ಹೇಳಿದ್ದೇ ಸರಿ ಅನ್ನಿಸತೊಡಗಿತು. ಪಂಪಿನ ಪಕ್ಕದ 40ನೇ ನಂಬರಿನ ಮನೆಯಲ್ಲಿ ಒಂದು ಹಸುಗೂಸು ಎಲ್ಲರಿಗಿಂತ ಮೊದಲು ಕಾಯಿಲೆ ಬಿದ್ದಿತ್ತು, ಅದರ ಬಟ್ಟೆ ತೊಳೆದ ನೀರು ಹೋಗುತ್ತಿದ್ದ ಗುಂಡಿ, ಪಂಪಿನ ಕೆಳಗಿನ ಬಾವಿಯಿಂದ ಮೂರು ಅಡಿಯೂ ದೂರವಿರಲಿಲ್ಲ. ಇದನ್ನು ಕಂಡುಹಿಡಿದವರು ವೈಟ್‌ಹೆಡ್. ಸ್ನೋ ಅವರಿಗೆ ಸಿಗದೇ ಇದ್ದ ಕೊಂಡಿ ಅದು, ಅದನ್ನು ತಂದುಕೊಟ್ಟದ್ದು ಅವರನ್ನು ಒಪ್ಪದೆ ಇದ್ದ ಮನುಷ್ಯ.

ನೀವು ಬರೆಯುವಾಗ ಎದುರಿಗೆ ಕೂರಿಸಿಕೊಳ್ಳಬೇಕಾದದ್ದು ಇಂಥವರನ್ನು. ಸುಲಭವಾಗಿ ಸೋಲುವ ಎದುರಾಳಿಯನ್ನು ನೀವೇ ಸೃಷ್ಟಿಸಿ ಗೆದ್ದರೆ ಏನೂ ಸಿಗಲ್ಲ. ಎದುರು ವಾದವನ್ನು, ಅದನ್ನು ನಂಬುವವರು ಓದಿದರೆ ‘ಹೌದು, ನಾನು ಹೇಳುವುದು ಇದನ್ನೇ’ ಅನ್ನುವಷ್ಟು ಚೆನ್ನಾಗಿ ಬರೆಯಿರಿ. ಆಮೇಲೆ ಉತ್ತರ ಕೊಡಿ. ಉತ್ತರ ಪೂರ್ತಿ ಸಿಗದಿದ್ದರೆ ಎಷ್ಟು ಸಿಗುತ್ತದೋ ಅಷ್ಟು ಕೊಟ್ಟು ನಿಮ್ಮ ವಾದವನ್ನೇ ಸ್ವಲ್ಪ ತಿದ್ದಿಕೊಳ್ಳಿ.

ನಮ್ಮ ಉದಾಹರಣೆಯಲ್ಲಿಯೇ ಅಂಥ ತಿದ್ದುಪಡಿ ಬೇಕಾಗುತ್ತದೆ. ಹಿಡಿ ತೆಗೆಯುವ ಹೊತ್ತಿಗೆ ಸಾವುಗಳು ಆಗಲೇ ಇಳಿಯುತ್ತಿದ್ದವು. ಜನ ಊರು ಬಿಟ್ಟು ಓಡಿದ್ದರು. ಸ್ನೋ ಅವರೇ ಇದನ್ನು ಬರೆದಿದ್ದಾರೆ, ಹಿಡಿ ತೆಗೆದದ್ದರಿಂದಲೇ ನಿಂತಿತು ಅಂತ ಅವರು ಹೇಳಿಕೊಳ್ಳಲಿಲ್ಲ. ಹಾಗಾದರೆ ಹಿಡಿಯಿಂದ ಏನೂ ಆಗಲಿಲ್ಲವಾ? ಆ ಹಸುಗೂಸಿನ ತಂದೆ ಕಾಲರಾ ಬಂದು ಮಲಗಿದ್ದು ಸೆಪ್ಟೆಂಬರ್ 8ರಂದು, ಅಂದರೆ ಹಿಡಿ ತೆಗೆದ ದಿನವೇ. ಪಂಪು ಹಾಗೇ ಇದ್ದಿದ್ದರೆ ಅದೇ ಗುಂಡಿಯಿಂದ ಅದೇ ಬಾವಿಗೆ ಮತ್ತೆ ರೋಗ ಸೇರಬಹುದಿತ್ತು. ಆಗ ನಿಮ್ಮ ಮುಖ್ಯ ವಾದಕ್ಕೆ ಇನ್ನೊಂದು ತುಂಡು ಸೇರುತ್ತದೆ: ಹಿಡಿ ತೆಗೆದದ್ದು ಮೊದಲ ಹಾವಳಿಯನ್ನು ನಿಲ್ಲಿಸಿತು ಎನ್ನಲಾಗದು, ಎರಡನೆಯದನ್ನು ತಡೆದಿರಬಹುದು. ಎದುರು ವಾದವನ್ನು ಗಂಭೀರವಾಗಿ ತೆಗೆದುಕೊಂಡಿದ್ದಕ್ಕೆ ಪ್ರಬಂಧ ಮೊದಲಿಗಿಂತ ಚೆನ್ನಾಗಿ ಆಯಿತು. ಇಂಥದ್ದನ್ನು ಓದುವಾಗ ಶಿಕ್ಷಕರಿಗೆ ಆಗುವ ಸಂತೋಷ ಎಷ್ಟು ಅಂತ ಇಲ್ಲಿರುವ ಶಿಕ್ಷಕರು ಹೇಳಬಲ್ಲರು.

ಪೀಠಿಕೆಯನ್ನು ಕೊನೆಗೆ ಬರೆಯಿರಿ. ಇದನ್ನು ಯಾವ ವಿದ್ಯಾರ್ಥಿಯೂ ಮೊದಲ ಸಲ ಕೇಳಿದಾಗ ನಂಬುವುದಿಲ್ಲ. ಆದರೆ ಇನ್ನೂ ಬರೆಯದ ಪ್ರಬಂಧಕ್ಕೆ ಪೀಠಿಕೆ ಹೇಗೆ ಬರೆಯುತ್ತೀರಿ? ಅದಕ್ಕೇ ‘ಇಂದಿನ ಆಧುನಿಕ ಯುಗದಲ್ಲಿ’, ‘ಅನಾದಿ ಕಾಲದಿಂದಲೂ ಮಾನವನು’ ಅಂತೆಲ್ಲ ಬರುವುದು. ಹೇಳಲು ಏನೂ ಇಲ್ಲದಾಗ ಕೈ ಹುಡುಕುವ ವಾಕ್ಯಗಳು ಅವು. ಒಡಲು ಮುಗಿದ ಮೇಲೆ ಮೇಲಕ್ಕೆ ಬಂದು, ಪ್ರಶ್ನೆ ಏನು, ಅದು ಯಾಕೆ ಪ್ರಶ್ನೆಯಾಗಿದೆ, ನಿಮ್ಮ ಉತ್ತರ ಏನು ಅಂತ ಹೇಳಿ. ಶಾಲೆಯ ಪ್ರಬಂಧಕ್ಕೆ ಅಷ್ಟು ಸಾಕು.

ಭಾಷೆಗೆ ಬರೋಣ. ಔಪಚಾರಿಕ ಅಂದರೆ ಭಾರವಾದದ್ದು ಅಂತ ನಮ್ಮಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ‘ನೀರು ಕೆಟ್ಟಿತ್ತು’ ಅನ್ನುವುದನ್ನು ‘ಜಲದ ಗುಣಮಟ್ಟವು ಅಪೇಕ್ಷಿತ ಸ್ಥಿತಿಯಲ್ಲಿ ಇರಲಿಲ್ಲವೆಂಬುದು ಕಂಡುಬರುತ್ತದೆ’ ಅಂತ ಬರೆಯುತ್ತಾರೆ. ಓದುಗರು ಪರೀಕ್ಷೆ ಮಾಡಿ ನೋಡಬೇಕಾದದ್ದು ನಿಮ್ಮ ವಿಚಾರವನ್ನು ಅಲ್ವಾ, ಅದು ಕಾಣದಂತೆ ಮುಚ್ಚಿದರೆ ಹೇಗೆ? ಔಪಚಾರಿಕ ಭಾಷೆ ಅಂದರೆ ನಿಖರವಾದ ಭಾಷೆ. ‘ತುಂಬಾ ಜನ’ ಅನ್ನುವ ಬದಲು 616. ‘ಹಿಂದಿನ ಕಾಲದಲ್ಲಿ’ ಅನ್ನುವ ಬದಲು 1854ರಲ್ಲಿ. ‘ಎನ್ನಲಾಗಿದೆ’, ‘ಹೇಳಲಾಗುತ್ತದೆ’ ಅನ್ನುವ ಪ್ರಯೋಗಗಳ ಬಗ್ಗೆ ಹುಷಾರಾಗಿರಿ. ಯಾರು ಹೇಳಿದ್ದು? ಹೆಸರು ಗೊತ್ತಿದ್ದರೆ ಬರೆಯಿರಿ, ಗೊತ್ತಿಲ್ಲದಿದ್ದರೆ ಆ ಮಾತನ್ನು ಬಳಸಬಹುದಾ ಅಂತಲೇ ಯೋಚಿಸಬೇಕು. ‘ಎಲ್ಲರಿಗೂ ತಿಳಿದಿರುವಂತೆ’ ಅನ್ನುವುದನ್ನೂ ಬಿಡಿ, ತಿಳಿದಿದ್ದರೆ ಬರೆಯುವುದೇ ಬೇಡ, ತಿಳಿಯದವರಿಗೆ ಅವಮಾನ.

‘ನಾನು’ ಬಳಸಬಹುದಾ ಅಂತ ಪ್ರತಿ ಸಲ ಕೇಳುತ್ತಾರೆ. ವಿಷಯದಿಂದ ವಿಷಯಕ್ಕೆ, ಶಿಕ್ಷಕರಿಂದ ಶಿಕ್ಷಕರಿಗೆ ಇದು ಬೇರೆ, ಕೇಳಿಕೊಂಡೇ ಬರೆಯಿರಿ. ನನ್ನ ಅಭಿಪ್ರಾಯ ಕೇಳಿದರೆ, ‘ನಾನು ಈ ಪ್ರಬಂಧದಲ್ಲಿ ತೋರಿಸಲು ಪ್ರಯತ್ನಿಸುವುದು’ ಅನ್ನುವುದರಲ್ಲಿ ತಪ್ಪೇನಿಲ್ಲ. ‘ನನಗೆ ಹಾಗನ್ನಿಸುತ್ತದೆ’ ಅನ್ನುವುದು ಬೇಡ, ಯಾಕೆಂದರೆ ನಿಮಗೆ ಅನ್ನಿಸಿದ್ದನ್ನು ಓದುಗರು ಪರೀಕ್ಷೆ ಮಾಡಲು ಆಗುವುದಿಲ್ಲ.

ಆಧಾರ ಎಲ್ಲಿಂದ ತಂದಿರಿ ಅಂತ ಹೇಳುವ ಉಲ್ಲೇಖದ ನಿಯಮಗಳೂ ಅದೇ ಓದುಗರಿಗಾಗಿಯೇ. ಸಾಹಿತ್ಯ, ಭಾಷೆಯ ಕಡೆ ಎಂಎಲ್‌ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್) ಶೈಲಿ ಜಾಸ್ತಿ, ಅಲ್ಲಿ ಲೇಖಕರ ಹೆಸರಿನ ಜೊತೆ ಪುಟದ ಸಂಖ್ಯೆ ಕೊಡುತ್ತಾರೆ, ಯಾಕೆಂದರೆ ಓದುಗರಿಗೆ ಆ ಸಾಲನ್ನೇ ತೆಗೆದು ನೋಡಬೇಕಾಗಿರುತ್ತದೆ. ಮನಃಶಾಸ್ತ್ರ, ಸಮಾಜವಿಜ್ಞಾನದ ಕಡೆ ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಶೈಲಿಯಲ್ಲಿ ಹೆಸರಿನ ಪಕ್ಕದಲ್ಲೇ ಇಸವಿ ಬರುತ್ತದೆ, ಅಲ್ಲಿ ಅಧ್ಯಯನ ಎಷ್ಟು ಹಳೆಯದು ಅನ್ನುವುದು ಮುಖ್ಯ. ಇತಿಹಾಸ ಬರೆಯುವವರಲ್ಲಿ ಅನೇಕರು ಶಿಕಾಗೊ ಶೈಲಿಯ ಅಡಿಟಿಪ್ಪಣಿ ಬಳಸುತ್ತಾರೆ. ಎಪಿಎ ಶೈಲಿ 1929ರಲ್ಲಿ ಶುರುವಾದಾಗ ಅದು ಒಂದು ಪತ್ರಿಕೆಯಲ್ಲಿ ಬಂದ ಏಳು ಪುಟದ ಲೇಖನ, ಈಗ ಅದರ ಏಳನೇ ಆವೃತ್ತಿ 400 ಪುಟ ದಾಟಿದೆ. ಅಷ್ಟನ್ನೂ ಯಾರೂ ಬಾಯಿಪಾಠ ಮಾಡಬೇಕಾಗಿಲ್ಲ. ನಿಮ್ಮ ಶಾಲೆ ಯಾವುದನ್ನು ಕೇಳುತ್ತದೋ ಅದನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ರೀತಿ ಬಳಸಿ.

ಕೃತಿಚೌರ್ಯದ ಬಗ್ಗೆ ಹೆದರಿಸಲು ನನಗೆ ಇಷ್ಟವಿಲ್ಲ. ಬೇಕೆಂದೇ ಕದಿಯುವವರು ಇರುತ್ತಾರೆ, ಆದರೆ ಟಿಪ್ಪಣಿ ಮಾಡಿಕೊಳ್ಳುವ ರೀತಿ ಸರಿಯಿಲ್ಲದೆ ಸಿಕ್ಕಿಬೀಳುವ ಮಕ್ಕಳೂ ಇದ್ದಾರೆ. ಪುಸ್ತಕದ ಸಾಲನ್ನು ಹಾಗೇ ನೋಟ್ ಬುಕ್ಕಿಗೆ ಇಳಿಸಿರುತ್ತಾರೆ, ಉದ್ಧರಣ ಚಿಹ್ನೆ ಹಾಕಿರುವುದಿಲ್ಲ. ವಾರ ಕಳೆದ ಮೇಲೆ ಅದು ತಮ್ಮದೇ ವಾಕ್ಯ ಅನ್ನಿಸುತ್ತದೆ. ಹಾಗಾಗಿ ಇಳಿಸುವಾಗಲೇ ಚಿಹ್ನೆ ಹಾಕಿ, ಪುಟ ಬರೆದುಕೊಳ್ಳಿ. ನಿಮ್ಮ ಮಾತಲ್ಲಿ ಹೇಳಬೇಕು ಅಂದರೆ ಪುಸ್ತಕ ಮುಚ್ಚಿ ಬರೆಯಿರಿ. ತೆರೆದಿಟ್ಟುಕೊಂಡು ನಾಲ್ಕು ಪದ ಬದಲಿಸಿದರೆ ಅದು ಇನ್ನೂ ಅವರ ವಾಕ್ಯವೇ. ಮಾತು ನಿಮ್ಮದಾದರೂ ವಿಚಾರ ಬೇರೆಯವರದ್ದು ಅನ್ನುವುದು ನೆನಪಿರಲಿ, ಆಗಲೂ ಹೆಸರು ಕೊಡಬೇಕು.

ವಿಕಿಪೀಡಿಯ ನೋಡಬಹುದಾ? ಧಾರಾಳವಾಗಿ ನೋಡಿ, ಒಳಗೆ ಹೋಗಲು ಒಳ್ಳೆಯ ಬಾಗಿಲು. ಆದರೆ ಲೇಖನದ ಕೆಳಗಿರುವ ಮೂಲಗಳಿಗೆ ಹೋಗಿ ಅವುಗಳನ್ನೇ ಓದಿ, ಅವುಗಳನ್ನೇ ಉಲ್ಲೇಖಿಸಿ. ಚಾಟ್‌ಬಾಟ್‌ಗಳ ವಿಷಯದಲ್ಲಿ ನನಗೆ ಕಳವಳ ಜಾಸ್ತಿ ಇದೆ. ಅವು ಇಲ್ಲದ ಪುಸ್ತಕ, ಇಲ್ಲದ ಲೇಖನಗಳ ಹೆಸರನ್ನು ನಂಬುವ ಹಾಗೆ ಕೊಡಬಲ್ಲವು. 2023ರಲ್ಲಿ ನ್ಯೂಯಾರ್ಕಿನಲ್ಲಿ ವಕೀಲರು ಹೀಗೆ ಸಿಕ್ಕ, ಅಸ್ತಿತ್ವದಲ್ಲೇ ಇರದ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿ 5,000 ಡಾಲರ್ ದಂಡ ಕಟ್ಟಬೇಕಾಯಿತು. ಓದಿ ಬಂದ ಅನುಭವಿಗಳ ಗತಿಯೇ ಹೀಗಾದರೆ ಯೋಚನೆ ಮಾಡಿ. ನೀವು ಕೈಯಾರೆ ತೆರೆದು ಓದದ ಯಾವುದನ್ನೂ ಆಧಾರವಾಗಿ ಕೊಡಬೇಡಿ. ಶಾಲೆಯ ನಿಯಮ ಏನಿದೆಯೋ ಅದಂತೂ ಇದ್ದೇ ಇದೆ. ಅದಕ್ಕಿಂತ ದೊಡ್ಡ ವಿಷಯ ಏನೆಂದರೆ, ವಾದ ಕಟ್ಟುವ ಕಷ್ಟದಲ್ಲೇ ಯೋಚನೆ ಬೆಳೆಯುವುದು, ಆ ಕಷ್ಟವನ್ನು ಯಂತ್ರಕ್ಕೆ ಕೊಟ್ಟರೆ ನಿಮ್ಮ ಹತ್ತಿರ ಉಳಿಯುವುದು ಕಾಗದ ಮಾತ್ರ.

ತಿದ್ದುವುದಕ್ಕೆ ಒಂದೇ ಒಂದು ಸಲಹೆ. ಕರಡು ಮುಗಿದ ಮೇಲೆ, ಪ್ರತಿ ಪ್ಯಾರಾ ಏನು ಹೇಳುತ್ತದೆ ಅಂತ ಪಕ್ಕದಲ್ಲಿ ಒಂದು ಸಾಲು ಬರೆಯಿರಿ. ಆಮೇಲೆ ಆ ಸಾಲುಗಳನ್ನಷ್ಟೇ ಮೇಲಿಂದ ಕೆಳಗೆ ಓದಿ. ಎರಡು ಸಾಲು ಒಂದೇ ಮಾತು ಹೇಳಿದರೆ ಪ್ಯಾರಾಗಳನ್ನು ಸೇರಿಸಿ. ಒಂದಕ್ಕೆ ಸಾಲೇ ಹೊಳೆಯದಿದ್ದರೆ ಆ ಪ್ಯಾರಾದಲ್ಲಿ ವಾದವಿಲ್ಲ. ಕಾಗುಣಿತ, ಅಲ್ಪವಿರಾಮ ಎಲ್ಲ ಇದಾದ ಮೇಲೆ ನೋಡಿ, ತೆಗೆದು ಹಾಕಬೇಕಾದ ಪ್ಯಾರಾದ ಕಾಗುಣಿತ ತಿದ್ದಿ ಏನು ಪ್ರಯೋಜನ? ಕೊನೆಗೊಮ್ಮೆ ಜೋರಾಗಿ ಓದಿ. ಎಲ್ಲಿ ಉಸಿರು ಸಿಕ್ಕಿಕೊಳ್ಳುತ್ತದೋ ಅಲ್ಲಿ ವಾಕ್ಯ ಮುರಿಯಿರಿ.

ಮಾತು ಮುಗಿದ ಮೇಲೆ ಒಂದೆರಡು ಪ್ರಶ್ನೆ ಬಂದವು, ಅವನ್ನೂ ಇಲ್ಲೇ ಸೇರಿಸುತ್ತಿದ್ದೇನೆ.

ಒಬ್ಬ ಹುಡುಗ ಕೇಳಿದ: ‘ಉಪಸಂಹಾರದಲ್ಲಿ ಹೇಳಿದ್ದನ್ನೇ ಮತ್ತೆ ಹೇಳಬೇಕಾ?’ ಉದ್ದದ ಪ್ರಬಂಧದಲ್ಲಿ ಒಂದು ವಾಕ್ಯದಷ್ಟು ನೆನಪಿಸಿದರೆ ತಪ್ಪಿಲ್ಲ. ಎರಡು ಮೂರು ಪುಟದ್ದರಲ್ಲಿ ಓದುಗರು ಅಷ್ಟು ಬೇಗ ಮರೆತಿರುವುದಿಲ್ಲ. ಅದರ ಬದಲು, ನಿಮ್ಮ ಉತ್ತರ ಸರಿಯಾಗಿದ್ದರೆ ಅದರಿಂದ ಮುಂದೆ ಏನು ಗೊತ್ತಾಗುತ್ತದೆ ಅಂತ ಬರೆಯಿರಿ. ಕಾಲರಾದ ಉದಾಹರಣೆಯಲ್ಲಿ, ಆಧಾರ ಇಷ್ಟು ಗಟ್ಟಿಯಾಗಿದ್ದೂ ಆಗಿನ ಹೆಚ್ಚಿನ ಅಧಿಕಾರಿಗಳು ಯಾಕೆ ಒಪ್ಪಲಿಲ್ಲ ಅನ್ನುವ ಪ್ರಶ್ನೆ ತಾನಾಗಿ ಏಳುತ್ತದೆ. ಅದನ್ನು ಎತ್ತಿ ತೋರಿಸಿ ನಿಲ್ಲಿಸಬಹುದು. ಹೊಸ ಆಧಾರ ಮಾತ್ರ ಅಲ್ಲಿ ತರಬೇಡಿ, ಅದಕ್ಕೆ ಒಡಲಲ್ಲಿ ಜಾಗವಿದೆ.

ಒಬ್ಬ ಹುಡುಗಿ ಕೇಳಿದ್ದು ಇನ್ನೂ ಕಷ್ಟದ್ದು: ‘ಪರೀಕ್ಷೆಯಲ್ಲಿ ನಲವತ್ತು ನಿಮಿಷ ಇರುತ್ತೆ. ಇಷ್ಟೆಲ್ಲ ಮಾಡೋಕೆ ಸಮಯ ಎಲ್ಲಿದೆ ಸರ್?’ ಎಲ್ಲ ಮಾಡಲು ಆಗುವುದಿಲ್ಲಮ್ಮ. ಮೊದಲ ಐದಾರು ನಿಮಿಷ ಪೆನ್ನು ಕೆಳಗಿಟ್ಟು ಪ್ರಶ್ನೆಯ ಕ್ರಿಯಾಪದ ನೋಡು, ಉತ್ತರವನ್ನು ಒಂದು ವಾಕ್ಯದಲ್ಲಿ ಹಿಂದಿನ ಪುಟದಲ್ಲಿ ಬರೆದುಕೋ, ಅದರ ಕೆಳಗೆ ಎರಡು ಮೂರು ಆಧಾರ. ಸುತ್ತ ಎಲ್ಲರೂ ಬರೆಯುತ್ತಿರುವುದನ್ನು ನೋಡಿ ಗಾಬರಿಯಾಗುತ್ತದೆ, ಆದರೂ ಆ ಐದು ನಿಮಿಷ ಬಿಡಬೇಡ. ಮೇಲೆ ನಾಲ್ಕೈದು ಗೆರೆ ಖಾಲಿ ಬಿಟ್ಟು ನೇರ ಒಡಲಿನಿಂದ ಶುರು ಮಾಡು. ಒಂದು ಎದುರು ವಾದವನ್ನಾದರೂ ಸರಿಯಾಗಿ ಎದುರಿಸು. ಕೊನೆಯ ಐದು ನಿಮಿಷದಲ್ಲಿ ಮೇಲಿನ ಖಾಲಿ ಗೆರೆಗಳಿಗೆ ಬಾ, ಅಷ್ಟರಲ್ಲಿ ನೀನು ಏನು ಬರೆದಿದ್ದೀಯ ಅಂತ ನಿನಗೆ ಗೊತ್ತಿರುತ್ತದೆ, ಪೀಠಿಕೆ ಮೂರು ವಾಕ್ಯದಲ್ಲಿ ಮುಗಿಯುತ್ತದೆ.